ಅಸ್ಸಾಂ ಕಾರ್ಮಿಕರಿಗೆ ಕನ್ನಡ: ಅ, ಆ, ಇ, ಈ ಆಮೇಲೆ ನೋಡೋಣ

ಕಳಸ: ಕಾಫಿ ಕೊಯ್ಲು ಶುರುವಾದ್ರೆ ಪೇಟೆ ತುಂಬ ಅಸ್ಸಾಂ, ಜಾರ್ಖಂಡ್ ಕಡೆಯ ಕಾರ್ಮಿಕರು. ನಮ್ಮ ಅಂಗಡಿಯವರೇ ಹಿಂದಿ ಕಲಿತಿದ್ದಾರೆ. ಅವರೂ ಕನ್ನಡ ಕಲೀಲಿ ಅನ್ನೋದು ಸರಿ. ಆದರೆ ಹಲವರಿಗೆ ತಮ್ಮ ಭಾಷೆಯಲ್ಲೇ ಓದಲು ಬರಲ್ಲ.

2022ರಲ್ಲಿ ಶುರುವಾದ ಕೇಂದ್ರದ ನವ ಭಾರತ ಸಾಕ್ಷರತಾ ಕಾರ್ಯಕ್ರಮ 15 ವರ್ಷ ದಾಟಿದವರಿಗೆ ಅಕ್ಷರ ಕಲಿಸಲೆಂದೇ ಇದೆ. ಆದರೆ ಮಾತೇ ಗೊತ್ತಿಲ್ಲದ ಭಾಷೆಯ ಅಕ್ಷರ ತಲೆಗೆ ಹತ್ತೋದು ಹೇಗೆ?

ಮೊದಲು ಮಾತು. ಆಮೇಲೆ ಅಂಕಿ: ಕೊಯ್ದ ಹಣ್ಣಿಗೆ ಕೆ.ಜಿ. ಲೆಕ್ಕದಲ್ಲಿ ಕೂಲಿ, ರೈಟರ್ ಬರೆದದ್ದು ಓದಲಾಗದಿದ್ರೆ ನಷ್ಟ ಯಾರಿಗೆ? ನಂತರ ಗುರುತು: ಔಷಧಿ ಡಬ್ಬದ ಕೆಂಪು ಬಣ್ಣ ಅಂದ್ರೆ ತೀರಾ ವಿಷ.

ತೋಟದ ಲೈನ್‌ನಲ್ಲಿ ಸಂಜೆ ಅರ್ಧ ಗಂಟೆ ಪಾಠಕ್ಕೆ ಮಾಲೀಕರು, ಪಂಚಾಯಿತಿಯವರು ಮನಸ್ಸು ಮಾಡಬೇಕು. ಅಂಗಡಿಯವರು ಚಿಲ್ಲರೆಯನ್ನ ಕನ್ನಡದಲ್ಲಿ ಎಣಿಸಿ ಕೊಟ್ರೆ ಇವತ್ತೇ ಮೊದಲ ಪಾಠ.