ಯಾರ ಋಣ, ಯಾರ ಮನೆಗೆ?

ಓದಿದ ಮನೆಯ ಋಣ ತೀರಿಸೋದು ದೊಡ್ಡ ಗುಣ ಅಂತಾರೆ. ಇರಲಿ. ಬೆಂಗಳೂರಿನ ನಂದನ್ ನಿಲೇಕಣಿ 1973ರಲ್ಲಿ ತಾವು ಸೇರಿದ್ದ ಬೊಂಬಾಯಿ ಐಐಟಿಗೆ 2023ರ ಜೂನ್‌ನಲ್ಲಿ 315 ಕೋಟಿ ರೂಪಾಯಿ ಕೊಟ್ಟರು. ಹಿಂದಿನದೂ ಸೇರಿ 400 ಕೋಟಿ. ಸತ್ತ ಮೇಲೆ ಸಲ್ಲುವ ಉಯಿಲಲ್ಲ, ಬದುಕಿರುವಾಗಲೇ ಕೊಟ್ಟದ್ದು. ಒಪ್ಪೋಣ.

ಆದರೆ ಅದೇ ವರ್ಷದ ಫೆಬ್ರವರಿಯಲ್ಲಿ ಅದೇ ಕ್ಯಾಂಪಸ್ಸಿನಲ್ಲಿ ಮೊದಲ ವರ್ಷದ ದಲಿತ ಹುಡುಗನೊಬ್ಬ ಪ್ರಾಣ ಕಳಕೊಂಡ. ಜಾತಿಯ ಕಿರುಕುಳ ಅಂದರು ಹೆತ್ತವರು. ಪುರಾವೆ ಇಲ್ಲ ಅಂದಿತು ಸಂಸ್ಥೆಯ ಸಮಿತಿ. ಕಟ್ಟಡಕ್ಕೆ ಕೋಟಿ ಸುರಿದರೆ ಒಳಗಿನ ಗಾಳಿ ಬದಲಾಗುತ್ತಾ?

ಅಂಬೇಡ್ಕರ್ ಕೂಡ ಕೊಲಂಬಿಯಾ, ಲಂಡನ್ನಿನಲ್ಲಿ ಓದಿದವರೇ. ಅವರು ಋಣ ತೀರಿಸಿದ್ದೆಲ್ಲಿ? 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ, 1946ರಲ್ಲಿ ಸಿದ್ಧಾರ್ಥ ಕಾಲೇಜು. ತಾವು ಹೊಕ್ಕ ಬಾಗಿಲಿಗೆ ಬಂಗಾರ ಬಳಿಯಲಿಲ್ಲ. ಹೊರಗೆ ನಿಂತವರಿಗೆ ಬಾಗಿಲು ಮಾಡಿದರು.

ಇನ್ನು ನಮ್ಮ ದೇವನಹಳ್ಳಿಗೆ ಬನ್ನಿ. ಸಿರಿವಂತರ ವಿಮಾನ ಇಳಿಯೋದು ಇಲ್ಲೇ, 2008ರಿಂದ, ರೈತರು ಬಿಟ್ಟುಕೊಟ್ಟ ನೆಲದ ಮೇಲೆ. ಉಯಿಲು ಬರೆಯೋಕೆ ಮೊದಲು ಕೈಯಲ್ಲಿ ಏನಾದರೂ ಉಳೀಬೇಕಲ್ಲ? ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ಜನ ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ 1,777 ಎಕರೆಯ ಸ್ವಾಧೀನ ಕೈಬಿಟ್ಟಿತು. ಉಳಿದ ಆ ನೆಲವೇ ಅವರು ಮಕ್ಕಳಿಗೆ ಬರೆದ ಉಯಿಲು.

ಕೊಡುವ ಧಣಿಗಳೇ, ಹೆಸರಿನ ಫಲಕ ಕೇಳುವ ಮುಂಚೆ ಒಂದು ಷರತ್ತು ಹಾಕಿ: ನಮ್ಮ ಹುಡುಗರು ಅಲ್ಲಿ ತಲೆಯೆತ್ತಿ ಓದಿ, ಜೀವಂತ ಮನೆಗೆ ಬರಬೇಕು. ಮೇಷ್ಟ್ರೇ, ಗೆಳೆಯರೇ, ನಮ್ಮ ಋಣ ಇರೋದು ಊರಿನ ಸರ್ಕಾರಿ ಶಾಲೆಗೆ, ಹಾಸ್ಟೆಲ್ಲಿಗೆ. ಅದನ್ನು ತೀರಿಸೋಕೆ ಸಾಯೋತನಕ ಕಾಯಬೇಕಾ?