ಎರಡನೇ ಗೇರ್ ಎಲ್ಲಿದೆ?

ಕಳೆದ ವಾರ ಈ ಅಂಕಣ ಬರಲಿಲ್ಲ. ಲ್ಯಾಪ್‌ಟಾಪ್ ಮುಟ್ಟೋ ಸ್ಥಿತಿಯಲ್ಲಿ ನನ್ನ ಕೈ ಇರಲಿಲ್ಲ. ಉಗುರಿನ ಸಂದಿಗೆ ಸೇರಿಕೊಂಡ ಹಳೇ ಗೇರ್ ಎಣ್ಣೆ ಸೋಪಿಗೂ ಜಗ್ಗಲಿಲ್ಲ, ಡೀಸೆಲ್ಲಿಗೂ ಜಗ್ಗಲಿಲ್ಲ. ಸೋಮವಾರದ ಮೀಟಿಂಗಿನಲ್ಲಿ ಕ್ಯಾಮೆರಾ ಆನ್ ಮಾಡಿದ್ದೇ ತಡ, ಮ್ಯಾನೇಜರ್ ಕೇಳಿದ್ರು: "ಏನ್ರೀ, ಊರಲ್ಲಿ ಮೆಹಂದಿ ಹಾಕಿಸ್ಕೊಂಡು ಬಂದ್ರಾ?" ಲಾರಿ ರಿಪೇರಿ ಸಾರ್, ಅಂದೆ. ನಂಬಲಿಲ್ಲ.

ತಿಪಟೂರಿನ ಹತ್ತಿರ ನಮ್ಮ ತೋಟ. ಮನೆ ಹಿಂದಿನ ಶೆಡ್ಡಿನಲ್ಲಿ 1968ರ ಒಂದು ಟಾಟಾ ಮರ್ಸಿಡಿಸ್ ಬೆಂಜ್ ಇದೆ. ಕಾರಲ್ಲ, ಲಾರಿ. 1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಕೈಜೋಡಿಸಿ ಜಮ್‌ಶೆಡ್‌ಪುರದಲ್ಲಿ ಲಾರಿ ಮಾಡೋಕೆ ಶುರು ಮಾಡಿದ್ದು. ಆ ಒಪ್ಪಂದ ಮುಗಿದಿದ್ದು 1969ರಲ್ಲಿ. ಹಾಗಾಗಿ ನಮ್ಮ ಲಾರಿಯ ಮೂತಿ ಮೇಲೆ ಈಗಲೂ ಮೂರು ಮೂಲೆಯ ನಕ್ಷತ್ರ. ತಾತ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಅಪ್ಪ ಅದರಲ್ಲಿ ಎಷ್ಟು ಲೋಡ್ ಕೊಬ್ಬರಿ ಸಾಗಿಸಿದ್ದಾರೋ ಲೆಕ್ಕವಿಲ್ಲ. ಈಗ ರಸ್ತೆಗೆ ಇಳಿಸಲ್ಲ. ತೋಟದೊಳಗೇ ಕಾಯಿ, ಗೊಬ್ಬರ, ಗರಿ ಹೊರುತ್ತೆ, ಅಷ್ಟೆ.

ಆ ಲಾರಿಯನ್ನ ಅಪ್ಪ ಬಿಟ್ಟು ಬೇರೆ ಯಾರೂ ಓಡಿಸೋಕೆ ಆಗ್ತಿರಲಿಲ್ಲ. ಗೇರ್ ಲಿವರ್ ಸಾರಿನ ಪಾತ್ರೆಯಲ್ಲಿ ಸೌಟು ಆಡಿದ ಹಾಗೆ ಸುಮ್ಮನೆ ಸುತ್ತುತ್ತಿತ್ತು. ಎರಡನೇ ಗೇರ್ ಎಲ್ಲಿದೆ ಅಂತ ಕೇಳಿದ್ರೆ ಅಪ್ಪ ಹೇಳ್ತಿದ್ದಿದ್ದು ಹೀಗೆ: "ಮೊಣಕಾಲಿನ ತನಕ ಎಳಿ, ಒಂಚೂರು ಕೆಳಕ್ಕೆ ಅದುಮು, ಒಳಗೆ ಏನೋ ಕಟ್ ಅನ್ನುತ್ತೆ, ಆಗ ಮುಂದಕ್ಕೆ ನೂಕು." ನಮ್ಮ ಆಫೀಸಿನಲ್ಲೂ ಇಂಥ ಕೋಡ್ ಇದೆ. ಬರೆದವರೊಬ್ಬರಿಗೇ ಗೊತ್ತು, ಅವರು ರಜೆ ಹಾಕಿದ ದಿನ ಎಲ್ಲ ನಿಲ್ಲುತ್ತೆ.

ಹೋದ ವರ್ಷ ದೀಪಾವಳಿ ಆದ ಮೇಲೆ ಅಪ್ಪನಿಗೆ ಲಕ್ವ ಹೊಡೀತು. ಎಡಭಾಗಕ್ಕೆ. ಮಾತು ಉಳೀತು, ಕೋಲು ಹಿಡಿದು ನಡೆಯೋದೂ ಬಂತು, ಎಡಗೈ ಮಾತ್ರ ಪೂರ್ತಿ ವಾಪಸ್ ಬರಲಿಲ್ಲ. ಗೇರ್ ಹಾಕೋದು ಅದೇ ಕೈಯಲ್ಲಿ ತಾನೇ.

ಹೋದ ತಿಂಗಳು ರಜೆಗೆ ಹೋದಾಗ ನಾನೇ ಗೊಬ್ಬರ ಹೇರಿಕೊಂಡು ಮೇಲಿನ ತೋಟಕ್ಕೆ ಹೊರಟೆ. ದಿಬ್ಬದ ನಡುವೆ ಒಂದನೇದರಿಂದ ಎರಡನೇದಕ್ಕೆ ಹಾಕೋಕೆ ಹೋದರೆ ಲಿವರ್ ಎಲ್ಲೂ ಸಿಗಲಿಲ್ಲ. ಎಡಕ್ಕೂ ಬರುತ್ತೆ, ಬಲಕ್ಕೂ ಬರುತ್ತೆ, ಯಾವುದಕ್ಕೂ ಬೀಳಲ್ಲ. ಕ್ಲಚ್ ಒತ್ತಿಕೊಂಡೇ ಹುಡುಕ್ತಾ ಇದ್ದೆ. ಲಾರಿ ಹಿಂದಕ್ಕೆ ಉರುಳೋಕೆ ಶುರುವಾಯ್ತು. ಹಳೇ ಬ್ರೇಕು, ಎರಡು ಮೂರು ಸಲ ಒತ್ತಿದರೇ ಹಿಡಿಯೋದು. ನಾಲ್ಕು ಮಾರು ಉರುಳಿ, ಹಿಂದಿನ ಚಕ್ರ ಬದುವಿಗೆ ತಾಗಿ ನಿಂತಿತು. ಬದುವಿನ ಆಚೆ ಅಮ್ಮ ಹುಲ್ಲು ಕೊಯ್ತಿದ್ದರು.

ಅಮ್ಮ ಏನೂ ಅನ್ನಲಿಲ್ಲ, ಕುಡುಗೋಲು ಅಲ್ಲೇ ಬಿಟ್ಟು ಮನೆಗೆ ಹೋದರು. ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಪ್ಪ ಅಂದರು: "ಗುಜರಿಯವನಿಗೆ ಫೋನ್ ಹಾಕು. ಸಾಕು."

ಹಾಕಿದೆ, ಬುಧವಾರ ಬರ್ತೀನಿ ಅಂದ. ಆದರೆ ನಿದ್ದೆ ಬರಲಿಲ್ಲ. ಟ್ರ್ಯಾಕ್ಟರ್ ಕಟ್ಟಿ ಲಾರಿನ ಶೆಡ್ಡಿಗೆ ಎಳೆಸುವಾಗ ಕ್ಲಚ್ ಬಿಟ್ಟಾಗಲೆಲ್ಲ ಚಕ್ರ ಹಿಡ್ಕೊಳ್ತಿತ್ತು. ಲಿವರ್ ನೋಡಿದ್ರೆ ನ್ಯೂಟ್ರಲ್ ಥರ ತೂಗಾಡುತ್ತೆ, ಮತ್ತೆ ಚಕ್ರ ಯಾಕೆ ಹಿಡ್ಕೋಬೇಕು? ಬೆಳಿಗ್ಗೆ ಅಪ್ಪನ ಕಾಲದ ಮೇಸ್ತ್ರಿನ ಕರ್ಕೊಂಡು ಬಂದೆ. ಅವರು ಸ್ಪ್ಯಾನರ್ ಮುಟ್ಟೋ ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಗೇರ್ ಬಿದ್ದ ಮೇಲೆ ಹಾರುತ್ತಾ, ಇಲ್ಲ ಬೀಳೋದೇ ಕಷ್ಟಾನಾ?"

ಇದು ಯಾಕೆ ಮುಖ್ಯ ಅಂದ್ರೆ, ಓಡ್ತಾ ಇರುವಾಗ ಗೇರ್ ತಾನಾಗೇ ಹಾರಿ ನ್ಯೂಟ್ರಲ್ಲಿಗೆ ಬಂದರೆ ರೋಗ ಸಾಮಾನ್ಯವಾಗಿ ಗೇರ್ ಬಾಕ್ಸಿನ ಒಳಗಿರುತ್ತೆ. ಹಲ್ಲು ಸವೆದಿರಬಹುದು, ಫೋರ್ಕ್ ಸವೆದಿರಬಹುದು, ರಾಡನ್ನ ಹಿಡಿದಿಡೋ ಗುಂಡಿನ ಸ್ಪ್ರಿಂಗ್ ಸತ್ತಿರಬಹುದು. ಅದು ದೊಡ್ಡ ಖರ್ಚು. ನಮ್ಮದು ಒಮ್ಮೆ ಬಿದ್ದರೆ ಅಲ್ಲಾಡ್ತಿರಲಿಲ್ಲ. "ಹಂಗಾದ್ರೆ ಮೇಲಿಂದೇ" ಅಂದರು ಮೇಸ್ತ್ರಿ.

ಚಕ್ರಕ್ಕೆ ಕಲ್ಲು ಕೊಟ್ಟು, ರಬ್ಬರ್ ಕವರ್ ಕಿತ್ತು, ಬೋಲ್ಟ್ ಬಿಚ್ಚಿ ಲಿವರನ್ನ ಮೇಲಕ್ಕೆ ಎತ್ತಿದ್ವಿ. ಅಂಗೈಯಗಲದ ತೂತಿನೊಳಗೆ ಮೂರು ಉಕ್ಕಿನ ರಾಡು ಅಕ್ಕಪಕ್ಕ. ಒಂದೊಂದರಲ್ಲೂ ಒಂದು ಗಾಡಿ, ಅಂದರೆ ಲಿವರಿನ ತುದಿ ಕೂರೋ ಸೀಳು. ಮೂರು ಸೀಳೂ ಒಂದೇ ಸಾಲಿಗಿದ್ದರೆ ನ್ಯೂಟ್ರಲ್, ಆಗ ತುದಿ ಒಂದರಿಂದ ಇನ್ನೊಂದಕ್ಕೆ ಜಾರುತ್ತೆ. ನಮ್ಮದರಲ್ಲಿ ಒಂದು ಸೀಳು ಸಾಲು ತಪ್ಪಿ ಹಿಂದೆ ನಿಂತಿತ್ತು.

"ನೋಡು ಮಗಾ, ಒಂದನೇ ಗೇರು ಒಳಗೇ ಇದೆ. ಲಿವರ್ ಮಾತ್ರ ಜಾರಿ ಆಚೆ ಬಂದೈತೆ. ದಿಬ್ಬದಲ್ಲಿ ನೀನು ಕ್ಲಚ್ ಬಿಟ್ಟಿದ್ರೆ ಇಂಜಿನ್ನೇ ಗಾಡಿನ ಹಿಡ್ಕೊಳ್ತಿತ್ತು."

ನನಗೆ ಬೆನ್ನಲ್ಲಿ ತಣ್ಣಗಾಯ್ತು. ಸ್ಕ್ರೀನ್ ಒಂದು ತೋರಿಸ್ತಾ ಇದೆ, ಸರ್ವರಿನಲ್ಲಿ ಇನ್ನೊಂದಿದೆ. ಹತ್ತು ವರ್ಷದಿಂದ ಇಂಥದ್ದಕ್ಕೇ ಸಂಬಳ ತಗೊಳ್ಳೋ ನಾನು ಸ್ಕ್ರೀನನ್ನ ನಂಬಿ ಕೂತಿದ್ದೆ.

ಮೇಸ್ತ್ರಿ ದೊಡ್ಡ ಸ್ಕ್ರೂಡ್ರೈವರಿನಲ್ಲಿ ಆ ರಾಡನ್ನ ಮೀಟಿ ಸಾಲಿಗೆ ತಂದು, ಆಮೇಲೆ ತೂತಿಗೆ ಬಟ್ಟೆ ತುರುಕಿದ್ರು. ಒಂದು ವಾಷರ್ ಒಳಗೆ ಬಿದ್ದರೆ ಗೇರ್ ಬಾಕ್ಸೇ ಇಳಿಸಬೇಕಾಗಬಹುದು.

ಲಿವರಿನ ಕೆಳತುದಿ ಚೀಪಿದ ಪೆಪ್ಪರ್‌ಮೆಂಟಿನ ಹಾಗೆ ಸವೆದಿತ್ತು. ಲಿವರಿನ ಮಧ್ಯದ ಗುಂಡು ಕೂರೋ ಗೂಡು ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಅದನ್ನ ಅದುಮಿ ಹಿಡಿಯೋ ಸ್ಪ್ರಿಂಗಿಗೆ ಜೀವ ಇರಲಿಲ್ಲ, ಹಾಗಾಗಿ ಲಿವರ್ ಮೇಲಕ್ಕೆ ಏಳುತ್ತಿತ್ತು, ತುದಿ ಸೀಳಿನಿಂದ ಹೊರಗೆ ಬರುತ್ತಿತ್ತು. ಅಪ್ಪ "ಕೆಳಕ್ಕೆ ಅದುಮು" ಅಂತಿದ್ದಿದ್ದು ಇದಕ್ಕೇ. ಸ್ಪ್ರಿಂಗಿನ ಕೆಲಸ ಇಷ್ಟು ವರ್ಷ ಅವರ ಮಣಿಕಟ್ಟು ಮಾಡ್ತಿತ್ತು.

ಟೇಪ್ ಹಿಡಿದೆ. ಗುಂಡಿನಿಂದ ಮೇಲೆ ಹಿಡಿಯ ತನಕ 70 ಸೆಂಟಿಮೀಟರ್, ಕೆಳಗೆ ತುದಿಗೆ 10. ಅಂದರೆ ಕೆಳಗೆ 2 ಮಿಲಿಮೀಟರ್ ಪ್ಲೇ ಬಂದರೆ ಮೇಲೆ ಕೈಗೆ 14 ಮಿಲಿಮೀಟರ್. ಗೂಡಿನ ಸವೆತ ಬೇರೆ ಸೇರುತ್ತೆ. ಸೌಟು ಆಡೋದರಲ್ಲಿ ಆಶ್ಚರ್ಯವೇನಿಲ್ಲ.

ಸ್ಪೇರ್ ಹುಡುಕಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅರ್ಧ ದಿನ ಅಲೆದೆ. ಫೋಟೋ ತೋರಿಸಿದ್ರೆ ಒಬ್ಬ ಅಂಗಡಿಯವರು "ಮಾರೋಕಾ?" ಅಂದರು. ಕೊನೆಗೆ ಸಿಕ್ಕಿದ್ದು ಅಳತೆಗೆ ಹೊಂದೋ ಸ್ಪ್ರಿಂಗ್ ಒಂದೇ. ಗೂಡಿಗೆ ತಿಪಟೂರಿನ ಲೇತಿನವರು ಗನ್‌ಮೆಟಲ್ ಬುಷ್ ಕಡೆದು ಕೂರಿಸಿಕೊಟ್ಟರು. ತುದಿಗೆ ವೆಲ್ಡಿಂಗ್ ತುಂಬಿಸಿ ಉಜ್ಜಿ ಅಳತೆಗೆ ತರಬೇಕು. ಮೆತ್ತಗಿನ ರಾಡಿನಲ್ಲಿ ಬೆಸೆದರೆ ಬೇಗ ಸವೆಯುತ್ತೆ, ಗಟ್ಟಿ ರಾಡಿನಲ್ಲಿ ಬೆಸೆದರೆ ಅರ ಹತ್ತಲ್ಲ, ಗ್ರೈಂಡರೇ ಬೇಕು. ಗಟ್ಟಿಯದನ್ನೇ ಹಾಕಿಸಿದೆ. ಉಜ್ಜೋ ಕೆಲಸ ನಾನು ಮಾಡ್ತೀನಿ ಅಂತ ಹಿಡಿದು ಒಂದು ಮಗ್ಗುಲು ಜಾಸ್ತಿ ತಿಂದುಬಿಟ್ಟೆ. ಮತ್ತೆ ಬೆಸುಗೆ, ಮತ್ತೆ ಉಜ್ಜು. ದಪ್ಪ ಇದ್ದರೆ ಸೀಳಿಗೆ ಇಳಿಯಲ್ಲ, ತೆಳುವಾದರೆ ಮತ್ತೆ ಸೌಟು. ಕೋಡಿನಲ್ಲಿ ತಪ್ಪಾದರೆ ಅಂಡೂ ಒತ್ತಬಹುದು. ಇಲ್ಲಿ ಮತ್ತೆ ಸೈಕಲ್ ಹತ್ತಿ ವೆಲ್ಡಿಂಗ್ ಶಾಪಿಗೆ ಹೋಗಬೇಕು.

ಅಪ್ಪ ಇಷ್ಟೂ ದಿನ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿ ಕೂತಿದ್ದರು, ಎಡಗೈಯಲ್ಲಿ ಫಿಸಿಯೋದವರು ಕೊಟ್ಟ ರಬ್ಬರ್ ಚೆಂಡು. ಮಾತಾಡಿದ್ದು ಒಂದೇ ಸಲ. "ಜಾಸ್ತಿ ಬಿಗಿ ಮಾಡಬೇಡ ಕಣೋ."

ಭಾನುವಾರ ಗ್ರೀಸ್ ತುಂಬಿ, ಹಳೇ ಟ್ಯೂಬ್ ಕತ್ತರಿಸಿ ಹೊಸ ಕವರ್ ಹಾಕಿ, ಖಾಲಿ ಲಾರಿನ ಅದೇ ದಿಬ್ಬ ಹತ್ತಿಸಿದೆ. ಅಮ್ಮನ್ನ ಮನೆ ಒಳಗೇ ಇರಿ ಅಂದಿದ್ದೆ. ಒಂದು, ಎರಡು. ಎರಡನೇದು ಬಿತ್ತು.

ವಾಪಸ್ ಬಂದ ಮೇಲೆ ಅಪ್ಪ ತಾವೂ ಹತ್ತಬೇಕು ಅಂದರು. ಇಂಜಿನ್ ಆಫ್ ಮಾಡಿ, ಚಕ್ರಕ್ಕೆ ಕಲ್ಲು ಕೊಟ್ಟು, ನಾನೂ ಮೇಸ್ತ್ರಿಯೂ ಸೇರಿ ಹತ್ತಿಸಿದ್ವಿ. ಬಲಗೈಯಿಂದ ಎಡಗೈಯನ್ನ ಎತ್ತಿ ಹಿಡಿಯ ಮೇಲಿಟ್ಟುಕೊಂಡರು. ಕೈ ಅಭ್ಯಾಸದ ಹಾಗೆ ಮೊಣಕಾಲಿನ ತನಕ ಎಳೆದು ಮುಂದಕ್ಕೆ ನೂಕಿತು, ಹೋಗಿದ್ದು ನಾಲ್ಕನೇದಕ್ಕೆ. ಇನ್ನೊಂದು ಸಲ. ಮತ್ತೆ ನಾಲ್ಕು.

"ಎರಡನೇದನ್ನ ಎಲ್ಲಿ ಹಾಕ್ದೆಲೋ?"

"ಅಷ್ಟು ಎಳೀಬೇಡಿ ಅಪ್ಪ. ನ್ಯೂಟ್ರಲ್‌ನಿಂದ ಸೀದಾ ಮುಂದಕ್ಕೆ. ಅದುಮೋದೂ ಬೇಡ."

ಮೂರನೇ ಸಲಕ್ಕೆ ಸಿಕ್ಕಿತು. ಬಿಡಿಸಿದರು, ಮತ್ತೆ ಹಾಕಿದರು. ಅಮ್ಮ ಊಟಕ್ಕೆ ಎರಡು ಸಲ ಕರೆದರೂ ಇಳಿಯಲಿಲ್ಲ.

ನಾನು ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಬಂದೆ. ಗುಜರಿಯವನಿಗೆ ಬರಬೇಡ ಅಂತ ಅಪ್ಪನೇ ಫೋನ್ ಮಾಡಿದ್ರಂತೆ. ಅಮ್ಮ ಹೇಳಿದ್ರು. ಕಾರಣ ಮಾತ್ರ ಬೇರೆ ಕೊಟ್ಟಿದ್ದಾರೆ: ಬ್ಯಾಟರಿ ವೀಕಾಗಿದೆ, ಲಾರಿ ಸದ್ಯಕ್ಕೆ ಸ್ಟಾರ್ಟ್ ಆಗಲ್ಲ.