ಮೊದಲು ಟೇಪು ಹಿಡಿಯಿರಿ, ಕಾರ್ಬನ್ ಮಾತು ಆಮೇಲೆ

ನಮ್ಮ ತಿಪಟೂರು ಸೀಮೆಯಲ್ಲಿ ಅಳತೆ ಕೊಡದೆ ಯಾರೂ ಬ್ಲೌಸ್ ಹೊಲಿಸುವುದಿಲ್ಲ. ಸರಿಯಾಗಿ ಕೂರುವ ಹಳೇ ಬ್ಲೌಸ್ ಒಂದನ್ನು ಕವರಿನಲ್ಲಿ ಹಾಕಿಕೊಂಡೇ ಟೈಲರ್ ಹತ್ತಿರ ಹೋಗುತ್ತಾರೆ. ಕಿಟಕಿ ಕೂರಿಸುವ ಮೊದಲು ಬಡಗಿ ಎರಡೆರಡು ಸಲ ಟೇಪು ಹಿಡಿಯುತ್ತಾನೆ. ನಲವತ್ತು ಸಾವಿರ ಕೊಟ್ಟು ಮಕ್ಕಳಿಗೆ ರೇಸ್ ಸೈಕಲ್ ತರುವಾಗ ಮಾತ್ರ ನಾವು ಕೇಳುವುದು ಎರಡೇ ಪ್ರಶ್ನೆ. ಗೇರ್ ಎಷ್ಟು? ಅಲಾಯಾ, ಕಾರ್ಬನ್ನಾ?

ಹೊನ್ನವಳ್ಳಿ ಹೋಬಳಿಯಲ್ಲಿ ಈಗ ಬೆಳಿಗ್ಗೆ ಬಿ.ಎಚ್. ರಸ್ತೆ ಕಡೆಗೆ ಸೈಕಲ್ ಹತ್ತಿಕೊಂಡು ಹೋಗುವ ಹುಡುಗ ಹುಡುಗಿಯರು ಅಲ್ಲಲ್ಲಿ ಕಾಣಿಸುತ್ತಾರೆ. ಅವರ ಅಪ್ಪಂದಿರು ನನ್ನನ್ನು ಕೇಳುವುದು ಒಂದೇ: "ಯೂಟ್ಯೂಬಲ್ಲಿ ತೋರಿಸ್ತಾರಲ್ಲ, ಮೈಯಳತೆಗೆ ಮಾಡೋ ಫ್ರೇಮು, ಅದು ಕಡಿಮೆ ದುಡ್ಡಿಗೆ ಎಲ್ಲಿ ಸಿಗುತ್ತೆ ಸಾರ್?" ಪತ್ರಿಕೆಯವನಿಗೆ ಎಲ್ಲಾ ಗೊತ್ತಿರುತ್ತೆ ಅನ್ನುವ ನಂಬಿಕೆ. ಇಂಥದ್ದೇ ಅಂಗಡಿಗೆ ಹೋಗಿ ಎಂದು ಹೇಳಿಬಿಡುವುದು ಸುಲಭ. ಆದರೆ ನನ್ನ ಅಭಿಪ್ರಾಯ ಬೇರೆ. ಇವರಲ್ಲಿ ಹೆಚ್ಚಿನವರಿಗೆ ಮೈಯಳತೆಯ ಫ್ರೇಮ್ ಬೇಕಾಗಿಲ್ಲ, ಮೈಯಳತೆ ಬೇಕಾಗಿದೆ. ಫ್ರೇಮಿಗೆ ದುಡ್ಡು ಬೇಕು, ಅಳತೆಗೆ ಟೈಲರ್ ಟೇಪು ಸಾಕು.

ಮೊದಲು ದುಡ್ಡಿನ ಮಾತು ಮುಗಿಸೋಣ. ಹೊರದೇಶದಲ್ಲಿ ಒಬ್ಬೊಬ್ಬ ಸವಾರನಿಗೂ ಕೈಯಲ್ಲೇ ಫ್ರೇಮ್ ಕಟ್ಟಿಕೊಡುವವರ ಹತ್ತಿರ ಬರೀ ಫ್ರೇಮೇ ಲಕ್ಷ ದಾಟುತ್ತದೆ. ಚಕ್ರ, ಗೇರು, ಬ್ರೇಕು ಎಲ್ಲ ಬೇರೆ. ಚೀನಾದ ಕೆಲವು ಕಾರ್ಖಾನೆಗಳು ನಾವು ಕಳಿಸಿದ ಅಳತೆಗೇ ಟೈಟಾನಿಯಂ ಫ್ರೇಮ್ ಮಾಡಿ ಕಳಿಸುತ್ತವೆ, ಸಾಗಣೆ ಮತ್ತು ಸುಂಕ ಸೇರಿದರೆ ಅದೂ ಕಡಿಮೆಯೇನಲ್ಲ. 2025ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ. ಪೇಟೆ ಬೆಲೆ ಅದನ್ನು ದಾಟಿ ಹೋಗಿದ್ದೂ ಉಂಟು, ಆದರೆ ಕೊಬ್ಬರಿ ಬೆಲೆ ನಂಬಿ ಸಾಲ ಮಾಡಿದವರ ಕಥೆ ನಮ್ಮ ಕಡೆ ಮನೆಮನೆಯಲ್ಲೂ ಇದೆ. ಬೆಂಬಲ ಬೆಲೆಯಲ್ಲೇ ಲೆಕ್ಕ ಹಾಕಿದರೆ ಒಂದು ಲಕ್ಷ ಅಂದರೆ ಎಂಟೂಕಾಲು ಕ್ವಿಂಟಲ್ ಕೊಬ್ಬರಿ. ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಕಾದು ಒಣಗಿದ ಕಾಯಿ ಅದು.

ಹೋಬಳಿಯ ಒಂದು ಹಳ್ಳಿಯ ಹುಡುಗಿಯ ವಿಷಯ ಹೇಳುತ್ತೇನೆ. ಪಿಯುಸಿ ಓದುತ್ತಾಳೆ. ಎತ್ತರ ನಾಲ್ಕು ಅಡಿ ಹನ್ನೊಂದು ಇಂಚು. ಅಂಗಡಿಯಲ್ಲಿ ಇದ್ದದ್ದು 54ರ ಅಳತೆಯ ರೋಡ್ ಬೈಕ್, "ಬೆಳೆಯೋ ಮಗು, ಸರಿಹೋಗುತ್ತೆ" ಎಂದು ಅದನ್ನೇ ಕೊಟ್ಟರು. ಮೂವತ್ತು ಕಿಲೋಮೀಟರ್ ಆಗುವಷ್ಟರಲ್ಲಿ ಅಂಗೈ ಜೋಮು ಹಿಡಿಯುತ್ತದೆ, ಮಂಡಿ ಹಿಂದೆ ಎಳೆತ. ಇವಳಲ್ಲಿ ಶಕ್ತಿ ಇಲ್ಲ ಎಂದು ಜೊತೆಯವರು ತೀರ್ಮಾನಿಸಿಬಿಟ್ಟಿದ್ದರು. ಅಪ್ಪ ಅಟ್ಟದ ಮೇಲಿನ ಕೊಬ್ಬರಿ ಮಾರಿ ಕಾರ್ಬನ್ ಸೈಕಲ್ ತರುವ ಯೋಚನೆಯಲ್ಲಿದ್ದರು. ಅದೂ ಅದೇ 54ರ ಅಳತೆ, ಯಾರೋ ಮಾರುತ್ತಿದ್ದರು ಅಂತ.

ಅವಳ ಅಳತೆ ತೆಗೆಯಲು ಬೇಕಾದದ್ದು ಒಂದು ಗೋಡೆ, ಒಂದು ದಪ್ಪ ನೋಟ್‌ಬುಕ್, ಒಂದು ಟೇಪು. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕು. ಪುಸ್ತಕವನ್ನು ಕಾಲುಗಳ ನಡುವೆ ಸೀಟಿನ ಹಾಗೆ ಗಟ್ಟಿಯಾಗಿ ಮೇಲಕ್ಕೆ ಒತ್ತಿ ಹಿಡಿಯಬೇಕು. ಪುಸ್ತಕದ ಮೇಲಂಚಿನಿಂದ ನೆಲಕ್ಕೆ ಎಷ್ಟು ಸೆಂಟಿಮೀಟರ್ ಅನ್ನುವುದೇ ಕಾಲಿನ ಒಳ ಅಳತೆ. ಇವಳದು 70. ಟೂರ್ ಡಿ ಫ್ರಾನ್ಸ್ ಅನ್ನು ಮೂರು ಸಲ ಗೆದ್ದ ಅಮೆರಿಕದ ಗ್ರೆಗ್ ಲೆಮಾಂಡ್ ಜನಪ್ರಿಯಗೊಳಿಸಿದ ಒಂದು ಲೆಕ್ಕವಿದೆ. ಈ ಅಳತೆಯನ್ನು 0.883ರಿಂದ ಗುಣಿಸಿದರೆ ಪೆಡಲ್ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗೆ ಇರಬೇಕಾದ ಎತ್ತರ ಬರುತ್ತದೆ. ಇವಳಿಗೆ ಸುಮಾರು 62 ಸೆಂಟಿಮೀಟರ್. ಅವಳ ಸೈಕಲಿನಲ್ಲಿ ಸೀಟನ್ನು ಪೂರ್ತಿ ಇಳಿಸಿದರೂ 65ಕ್ಕೇ ನಿಲ್ಲುತ್ತಿತ್ತು. ಪ್ರತಿ ಸುತ್ತಿಗೂ ಸೊಂಟ ಅತ್ತಿತ್ತ ಜಾರುತ್ತಿತ್ತು, ಮಂಡಿ ಎಳೆಯದೆ ಇನ್ನೇನು ಮಾಡುತ್ತದೆ?

ಈ ಲೆಕ್ಕ ದೇವರ ವಾಕ್ಯವಲ್ಲ. ಪಾದ ಉದ್ದ ಇದ್ದವರಿಗೆ, ದಪ್ಪ ಅಟ್ಟೆಯ ಶೂ ಹಾಕುವವರಿಗೆ ಅರ್ಧ ಸೆಂಟಿಮೀಟರ್ ಆಚೀಚೆ ಆಗುತ್ತದೆ. ಶುರು ಮಾಡಲು ಸಾಕು.

ಎರಡನೆಯದು ಹ್ಯಾಂಡಲಿನ ದೂರ. ಮೋಸ ಆಗುವುದು ಇಲ್ಲೇ. ಫ್ರೇಮಿನ ಮೇಲೆ 44, 48, 54 ಎಂದು ಬರೆದಿರುತ್ತದಲ್ಲ, ಅದನ್ನು ನಂಬಿ ಕೂರಬೇಡಿ. ಒಂದೊಂದು ಕಂಪನಿ ಒಂದೊಂದು ಜಾಗದಿಂದ ಅಳೆಯುತ್ತದೆ. ಕೇಳಬೇಕಾದ್ದು ಸ್ಟ್ಯಾಕ್ ಮತ್ತು ರೀಚ್ ಅನ್ನುವ ಎರಡು ಸಂಖ್ಯೆ. ಪೆಡಲ್ ಅಚ್ಚಿನಿಂದ ಹ್ಯಾಂಡಲ್ ಕೊಳವೆಯ ತುದಿ ಎಷ್ಟು ಎತ್ತರದಲ್ಲಿದೆ ಅನ್ನುವುದು ಸ್ಟ್ಯಾಕ್, ಎಷ್ಟು ಮುಂದಿದೆ ಅನ್ನುವುದು ರೀಚ್. ಈ ಎರಡನ್ನು ಹೋಲಿಸಿದರೆ ಯಾವ ಕಂಪನಿಯ ಫ್ರೇಮನ್ನು ಯಾವುದರ ಜೊತೆಗೂ ತೂಗಿ ನೋಡಬಹುದು.

ಗಿಡ್ಡ ಸವಾರರಿಗೆ ಇನ್ನೊಂದು ತೊಂದರೆ ಇದೆ. ದೊಡ್ಡ ಚಕ್ರವನ್ನೇ ಇಟ್ಟುಕೊಂಡು ಫ್ರೇಮ್ ಮಾತ್ರ ಚಿಕ್ಕದು ಮಾಡಿದರೆ ತಿರುವಿನಲ್ಲಿ ಕಾಲ್ಬೆರಳು ಮುಂದಿನ ಚಕ್ರಕ್ಕೆ ತಾಗುತ್ತದೆ. ಅದನ್ನು ತಪ್ಪಿಸಲು ಕಂಪನಿಯವರು ಮುಂದಿನ ಚಕ್ರವನ್ನು ಮುಂದಕ್ಕೆ ತಳ್ಳಿ, ಸೀಟಿನ ಕೊಳವೆಯನ್ನು ನೆಟ್ಟಗೆ ನಿಲ್ಲಿಸುತ್ತಾರೆ. ಕಾಗದದ ಮೇಲೆ ಫ್ರೇಮ್ ಚಿಕ್ಕದಾಯಿತು, ಕೈಗೆ ಹ್ಯಾಂಡಲ್ ಅಷ್ಟೇ ದೂರ ಉಳಿಯಿತು. ನಿಜವಾದ ಪರಿಹಾರ ಚಿಕ್ಕ ಚಕ್ರ. 650 ಚಕ್ರದ ಫ್ರೇಮ್ ಕೇಳಿದರೆ "ಅದು ಮಕ್ಕಳ ಸೈಕಲ್" ಎಂದು ನಗುವ ಅಂಗಡಿಯವರೂ ಇದ್ದಾರೆ. ನಗಲಿ.

ಈ ಹುಡುಗಿಗೆ ಬೇಕಾಗಿದ್ದು ಅತಿ ಚಿಕ್ಕ ಅಳತೆಯ ಸಾಧಾರಣ ಅಲಾಯ್ ಫ್ರೇಮ್, 70 ಮಿಲಿಮೀಟರಿನ ಗಿಡ್ಡ ಸ್ಟೆಮ್, ಕಿರಿದಾದ ಹ್ಯಾಂಡಲ್, 160ರಿಂದ 165 ಮಿಲಿಮೀಟರಿನ ಕ್ರ್ಯಾಂಕ್. ಅವಳ 54ರ ಸೈಕಲಿಗೆ ಬಂದಿದ್ದ ಕ್ರ್ಯಾಂಕ್ 172.5. ಎಲ್ಲವೂ ಸೆಕೆಂಡ್ ಹ್ಯಾಂಡಿನಲ್ಲಿ ಸಿಗುವ ಸಾಮಾನು. ಮೈಯಳತೆಯ ಫ್ರೇಮಿಗೆ ಕೊಡುವ ದುಡ್ಡಿನ ಕಾಲು ಭಾಗದಲ್ಲಿ ಕೆಲಸ ಮುಗಿಯುತ್ತದೆ. ಹದಿನಾರು ಹದಿನೇಳು ವರ್ಷದವರಿಗೆ ಮೈಯಳತೆಯ ಫ್ರೇಮ್ ಮಾಡಿಸುವುದು ಹೇಗೂ ದಂಡ. ಎರಡು ವರ್ಷದಲ್ಲಿ ಮೈ ಬೇರೆಯಾಗಿರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಬಿಡಿಭಾಗಗಳ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ, ಹೊಸ ಸಾಮಾನು ಕೊಳ್ಳುವಾಗ ಬಿಲ್ಲಿನಲ್ಲಿ ಅದನ್ನೂ ನೋಡಿ.

ಹಾಗಾದರೆ ಮೈಯಳತೆಯ ಫ್ರೇಮ್ ಯಾರಿಗೆ ಬೇಕು? ಬೆಳವಣಿಗೆ ನಿಂತ ಮೇಲೂ ಅತಿ ಗಿಡ್ಡ ಅಥವಾ ಅತಿ ಎತ್ತರ ಇರುವವರಿಗೆ, ಕಾಲು ಗಿಡ್ಡ ಮೈ ಉದ್ದ ಇದ್ದು ಯಾವ ರೆಡಿಮೇಡ್ ಅಳತೆಗೂ ಕೂರದವರಿಗೆ, ಮೂಳೆ ಮುರಿದು ಬೆನ್ನು ಅಥವಾ ಕಾಲಿನ ಲೆಕ್ಕ ಬದಲಾದವರಿಗೆ. ಇಂಥವರು ಕೊಳ್ಳಬೇಕಾದ್ದು ಸ್ಟೀಲ್ ಎಂದು ನಾನು ಹೇಳುತ್ತೇನೆ. ಕಾರ್ಬನ್ ಫ್ರೇಮಿಗೆ ಅಚ್ಚು ಬೇಕು, ಒಬ್ಬನಿಗಾಗಿ ಅಚ್ಚು ಮಾಡಿಸಿದರೆ ಬೆಲೆ ಆಕಾಶಕ್ಕೆ. ಅಲ್ಯೂಮಿನಿಯಂ ಫ್ರೇಮನ್ನು ಬೆಸೆದ ಮೇಲೆ ಶಾಖ ಕೊಟ್ಟು ಹದ ಮಾಡಬೇಕು, ಸಣ್ಣ ಕೆಲಸಗಾರನ ಹತ್ತಿರ ಅಂಥ ಒಲೆ ಇರುವುದಿಲ್ಲ. ಸ್ಟೀಲ್ ಕೊಳವೆಯನ್ನು ಬೇಕಾದ ಉದ್ದಕ್ಕೆ ಕತ್ತರಿಸಿ ಬೆಸೆಯಬಹುದು. ಪೆಟ್ಟು ಬಿದ್ದರೆ ರಿಪೇರಿಯೂ ಆಗುತ್ತದೆ. ಇಂಗ್ಲೆಂಡಿನ ರೆನಾಲ್ಡ್ಸ್ ಕಂಪನಿ 1935ರಲ್ಲಿ ತಂದ 531 ಕೊಳವೆಗಳ ಮೇಲೆ ದಶಕಗಟ್ಟಲೆ ದೊಡ್ಡ ದೊಡ್ಡ ರೇಸುಗಳನ್ನು ಗೆದ್ದಿದ್ದಾರೆ. ತುದಿಯಲ್ಲಿ ದಪ್ಪ, ನಡುವೆ ತೆಳು ಇರುವ ಕೊಳವೆ ಅದು. ನಮ್ಮಲ್ಲಿ ಪುಣೆಯ ಬಾಂಬೂಚಿ ಹೆಸರಿನವರು ಬಿದಿರಿನಲ್ಲೂ ಫ್ರೇಮ್ ಕಟ್ಟಿ ತೋರಿಸಿದ್ದಾರೆ. ತೆಂಗಿನ ಸೀಮೆಯವರಿಗೆ ಇನ್ನೂ ಯಾರೂ ತೆಂಗಿನ ಮರದಲ್ಲಿ ಮಾಡಿಕೊಟ್ಟಿಲ್ಲ!

"ಹಾಗಿದ್ರೆ ನಮ್ಮೂರ ಗೇಟ್ ವೆಲ್ಡಿಂಗ್ ಅಂಗಡೀಲೇ ಮಾಡಿಸಿಬಿಡ್ತೀನಿ" ಅಂದವರೂ ಇದ್ದಾರೆ. ದಯವಿಟ್ಟು ಬೇಡ. ಗೇಟಿಗೆ ಹಾಕುವ ಪೈಪು ತೂಕ ಜಾಸ್ತಿ, ಬಲ ಕಡಿಮೆ. ಜಿಐ ಪೈಪು ಬೆಸೆದರೆ ಬರುವ ಸತುವಿನ ಹೊಗೆ ಬೆಸೆಯುವವನಿಗೇ ಜ್ವರ ತರಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಕೊಳವೆಗಳನ್ನು ಅಲುಗದ ಹಾಗೆ ಹಿಡಿದಿಡುವ ಜಿಗ್ ಇಲ್ಲದೆ ಬೆಸೆದರೆ ಶಾಖಕ್ಕೆ ಎಳೆದುಕೊಂಡು ಫ್ರೇಮ್ ಸೊಟ್ಟಗಾಗುತ್ತದೆ. ಎರಡು ಮಿಲಿಮೀಟರ್ ಸೊಟ್ಟ ಇದ್ದರೆ ಗೇಟು ಮುಚ್ಚುತ್ತದೆ. ಇಳಿಜಾರಿನಲ್ಲಿ ಐವತ್ತರ ವೇಗದಲ್ಲಿ ಸೈಕಲ್ ಒಂದು ಕಡೆಗೆ ಎಳೆಯಲು ಶುರು ಮಾಡಿದರೆ ಏನಾಗುತ್ತದೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

ಮನೆಯಲ್ಲೇ ಕಟ್ಟಿದ ಸೈಕಲಿನಲ್ಲಿ ವಿಶ್ವದಾಖಲೆ ಮಾಡಿದವನೂ ಇದ್ದಾನೆ. ಸ್ಕಾಟ್ಲೆಂಡಿನ ಗ್ರೇಮ್ ಓಬ್ರಿ. ಎದೆಗೆ ಕೈ ಮಡಚಿ ಹ್ಯಾಂಡಲ್ ಮೇಲೆ ಬಗ್ಗುವ ತನ್ನದೇ ಭಂಗಿಗೆ ತಕ್ಕ ಫ್ರೇಮನ್ನು ತಾನೇ ಮಾಡಿಕೊಂಡ. ಪೆಡಲ್ ಅಚ್ಚಿಗೆ ಹಳೇ ವಾಷಿಂಗ್ ಮೆಷಿನ್ನಿನ ಬೇರಿಂಗ್ ಹಾಕಿದ. 1993ರ ಜುಲೈ 17ರಂದು ನಾರ್ವೆಯ ಹಾಮಾರ್‌ನಲ್ಲಿ ಒಂದು ಗಂಟೆಯಲ್ಲಿ 51.596 ಕಿಲೋಮೀಟರ್ ಓಡಿಸಿ, ಇಟಲಿಯ ಮೋಸರ್ 1984ರಲ್ಲಿ ಮಾಡಿದ್ದ ದಾಖಲೆ ಮುರಿದ. ಆರೇ ದಿನದಲ್ಲಿ ಇಂಗ್ಲೆಂಡಿನ ಕ್ರಿಸ್ ಬೋರ್ಡ್‌ಮನ್ ಆ ದಾಖಲೆ ಕಿತ್ತುಕೊಂಡ ಅನ್ನುವುದು ಬೇರೆ ಮಾತು. ಮರುವರ್ಷ ಅಂತರರಾಷ್ಟ್ರೀಯ ಒಕ್ಕೂಟ ಯುಸಿಐ ಓಬ್ರಿಯ ಭಂಗಿಯನ್ನೇ ನಿಷೇಧಿಸಿತು. ಫ್ರೇಮಿನ ಆಕಾರ, ಸೀಟಿನ ಜಾಗ, 6.8 ಕಿಲೋಗಿಂತ ಕಡಿಮೆ ತೂಕ ಇರಬಾರದು ಅನ್ನುವುದು, ಹೀಗೆ ನಿಯಮಗಳು ಹಲವು ಇವೆ. ನೀವು ಫ್ರೇಮ್ ಮಾಡಿಸುವುದೇ ಆದರೆ ಕೊಳವೆ ಕತ್ತರಿಸುವ ಮುಂಚೆ ಸ್ಪರ್ಧೆ ನಡೆಸುವವರಿಂದ ನಿಯಮ ಕೇಳಿಕೊಳ್ಳಿ. ಜೊತೆಗೆ 28 ಅಥವಾ 32 ಮಿಲಿಮೀಟರ್ ಟಯರಿಗೆ ಜಾಗ ಬಿಡಲು ಹೇಳಿ. 23ರ ತೆಳು ಟಯರಿಗೆ ಮಾಡಿದ ಹಳೇ ರೇಸ್ ಫ್ರೇಮುಗಳು ನಮ್ಮ ರಸ್ತೆಯ ಗುಂಡಿಗಳಿಗೆ ತಕ್ಕವಲ್ಲ.

ಇಷ್ಟನ್ನೂ ಒಬ್ಬೊಬ್ಬ ಅಪ್ಪನ ತಲೆಗೇ ಕಟ್ಟುವುದು ನ್ಯಾಯವಲ್ಲ. 2006–07ರಲ್ಲಿ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತು. ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳು ಹೈಸ್ಕೂಲು ಮುಗಿಸಿದ್ದು ಆ ಸೈಕಲಿನಲ್ಲೇ. ಕೋವಿಡ್ ಬಂದಾಗ ಅದು ನಿಂತುಹೋಯಿತು. ಒಳ್ಳೆಯ ಯೋಜನೆ, ಆದರೆ ನಾಲ್ಕಡಿ ಮಗುವಿಗೂ ಐದೂವರೆ ಅಡಿ ಮಗುವಿಗೂ ಒಂದೇ ಅಳತೆಯ ಸೈಕಲ್. ಶಾಲೆಗೆ ಹೋಗಿಬರಲು ಅದು ನಡೆಯುತ್ತದೆ. ರೇಸಿಗೆ ನಡೆಯುವುದಿಲ್ಲ.

ನಮ್ಮ ರಾಜ್ಯದಲ್ಲಿ ಸೈಕ್ಲಿಂಗ್ ಅಂದರೆ ವಿಜಯಪುರ, ಬಾಗಲಕೋಟೆ. ಆ ಕಡೆ ಜಾತ್ರೆಗಳಲ್ಲೂ ಸೈಕಲ್ ರೇಸ್ ಇಡುತ್ತಾರೆ, ಕ್ರೀಡಾ ಇಲಾಖೆಯ ವಸತಿ ನಿಲಯವೂ ಇದೆ. ನಮ್ಮ ತುಮಕೂರು ಜಿಲ್ಲೆಯ ಮಕ್ಕಳು ಮುಂದೆ ಹೋದರೆ ತಲುಪುವುದು ಅಂಥ ಕಡೆಗೇ. ಹಾಗಾಗಿ ಕೇಳಬೇಕಾದ್ದನ್ನು ಈಗಲೇ ಕೇಳೋಣ. ಸರ್ಕಾರಿ ದುಡ್ಡಿನಲ್ಲಿ ರೇಸ್ ಸೈಕಲ್ ಕೊಳ್ಳುವ ಯಾವ ಟೆಂಡರಿನಲ್ಲೂ "ರೋಡ್ ಬೈಕ್, ಹತ್ತು" ಎಂದು ಬರೆದು ಸುಮ್ಮನಾಗಬಾರದು. ಮಕ್ಕಳ ಕಾಲಿನ ಒಳ ಅಳತೆ ಮೊದಲು ತೆಗೆದು, ಇಂತಿಷ್ಟು ಸ್ಟ್ಯಾಕ್, ಇಂತಿಷ್ಟು ರೀಚ್, ಇಷ್ಟು ಉದ್ದದ ಕ್ರ್ಯಾಂಕ್ ಎಂದು ಬರೆಯಬೇಕು. ಅದಕ್ಕೆ ಹೆಚ್ಚಿಗೆ ಒಂದು ಪೈಸೆಯೂ ಬೇಡ. ದೈಹಿಕ ಶಿಕ್ಷಕರು ಒಂದು ಮಧ್ಯಾಹ್ನದಲ್ಲಿ ಮುಗಿಸಬಹುದಾದ ಕೆಲಸ.

ಇನ್ನೊಂದು ಬೇಡಿಕೆ ಐಟಿಐಗಳದು. ಪ್ರತಿ ವರ್ಷ ವೆಲ್ಡರ್, ಫಿಟ್ಟರ್ ಕಲಿಯುವ ಹುಡುಗರು ಕಬ್ಬಿಣದ ತುಂಡುಗಳನ್ನು ಬೆಸೆದು ಮತ್ತೆ ಗುಜರಿಗೆ ಹಾಕುತ್ತಾರೆ. ಒಂದು ಐಟಿಐಗೆ ಒಂದು ಫ್ರೇಮ್ ಜಿಗ್, ಒಂದಷ್ಟು ಕ್ರೋಮೋಲಿ ಕೊಳವೆ, ಕೆಲಸ ಬಲ್ಲ ಒಬ್ಬ ತರಬೇತುದಾರ ಕೊಟ್ಟರೆ ಏನಾಗಬಹುದು? ಮೊದಲ ಹತ್ತು ಫ್ರೇಮು ಸೊಟ್ಟಗಿರುತ್ತವೆ, ಇರಲಿ, ಅವನ್ನು ಯಾರೂ ಹತ್ತುವುದು ಬೇಡ. ಹನ್ನೊಂದನೆಯದನ್ನು ಭಾರ ಹಾಕಿ ಪರೀಕ್ಷೆ ಮಾಡಿ, ಯಾವ ರೆಡಿಮೇಡ್ ಅಳತೆಗೂ ಕೂರದ ಸವಾರನಿಗೆ ಕೊಡಲಿ. ಮುಂದಿನ ಗ್ರಾಮಸಭೆಯಲ್ಲೋ ತಾಲ್ಲೂಕು ಕ್ರೀಡಾಕೂಟದ ಸಭೆಯಲ್ಲೋ ಇದನ್ನು ಬರವಣಿಗೆಯಲ್ಲಿ ಕೇಳಿ, ಅರ್ಜಿಯ ಸ್ವೀಕೃತಿ ಪಡೆಯಿರಿ. ಉತ್ತರ ಬಂದರೆ, ಬಾರದಿದ್ದರೂ, ಆ ಪ್ರತಿಯ ಫೋಟೋ ನಮಗೆ ಕಳಿಸಿ.